ಹಡಗಿನ ಟಿಕೆಟ್ಟಿನ ಫರಕು

ಹಡಗಿನ ಟಿಕೆಟ್ಟು ತೆಗೆಸಿ ಹದಿನೈದು ದಿನ ಆಗಿರಲಿಲ್ಲ, ಅದರ ದರ ಇಳಿಯಿತು. ಈ ಸುದ್ದಿ ಕೊಟ್ಟದ್ದು ನನ್ನ ಮೊಬೈಲೇ. ಒಮ್ಮೆ ಹಡಗು ನೋಡಿದ ತಪ್ಪಿಗೆ ಅದು ದಿನಬೆಳಗಾದರೆ ನನಗೆ ಹಡಗನ್ನೇ ತೋರಿಸುತ್ತಿತ್ತು. ಭಜನೆ ಕೇಳಲು ಹೋದರೆ ನಡುವೆ ಹಡಗು, ಉಪ್ಪಿನಕಾಯಿ ಹಾಕುವುದು ನೋಡಲು ಹೋದರೆ ನಡುವೆ ಹಡಗು. ಅವತ್ತು ಬೆಳಿಗ್ಗೆ ಚಹಾ ಕುಡಿಯುತ್ತ ನೋಡಿದೆ. ಅದೇ ಹಡಗು, ಅದೇ ತಾರೀಖು, ಮುಂಬೈಯಿಂದ ಹೊರಟು ಮೂರು ದಿನ ಸಮುದ್ರದ ಮೇಲಿದ್ದು ಮತ್ತೆ ಮುಂಬೈಗೆ. ದರ ಮಾತ್ರ ನಾನು ಕಟ್ಟಿದ್ದಕ್ಕಿಂತ ಎಷ್ಟೋ ಕಡಿಮೆ. ಚಹಾ ಅಲ್ಲೇ ಬಿಟ್ಟೆ. ನನಗೆ ಸಿಟ್ಟು ಬಂದರೆ ಹಸಿವು ನೀರಡಿಕೆ ಎರಡೂ ಹೋಗುತ್ತವೆ.

ನಾನು ಮುಧೋಳದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಮನೆ ಇರುವುದು ಜಮಖಂಡಿಯಲ್ಲಿ. ಮದುವೆ ಆಗಲಿಲ್ಲ. ಅವ್ವ ಇರುವತನಕ ಅವ್ವನ ಜೊತೆ ಇದ್ದೆ, ಆಮೇಲೆ ಒಬ್ಬಳೇ. ನೌಕರಿಯ ಕೊನೆಯ ಹದಿನೆಂಟು ವರ್ಷ ದಿನಾ ಎರಡು ಸಲ ಜಮಖಂಡಿ–ಮುಧೋಳದ ಬಸ್ಸಿನಲ್ಲಿ ಕುಲುಕಾಡಿದ್ದೇನೆ. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುವಾಗ, ಸೀಟಿಗಾಗಿ ಕಿಟಕಿಯಿಂದ ಕರವಸ್ತ್ರ ಒಗೆಯುವವರ ಜೊತೆ ಜಗಳವಾಡುವಾಗ, ನಿವೃತ್ತಿಯಾದ ಮೇಲೆ ಕುಲುಕದ ವಾಹನವೊಂದರಲ್ಲಿ ಹೋಗಬೇಕು ಎಂದು ಅಂದುಕೊಳ್ಳುತ್ತಿದ್ದೆ. ಹಡಗಿನ ಆಸೆ ಹುಟ್ಟಿದ್ದು ಹಾಗೆ. ಅದರಲ್ಲಿ ಯಾವ ಘನ ಕನಸೂ ಇಲ್ಲ.

ಟಿಕೆಟ್ಟು ತೆಗೆಸಿಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ. ಹಳೆಯ ಎಂದರೆ ಅವನ ಮಗಳೇ ಈಗ ಕಾಲೇಜಿಗೆ ಹೋಗುತ್ತಾಳೆ. ಜಮಖಂಡಿಯ ಬಸ್‌ಸ್ಟ್ಯಾಂಡಿನ ಹತ್ತಿರ ಅವನ ಅಂಗಡಿ. ಕಾಶಿ, ರಾಮೇಶ್ವರ, ಪಂಢರಪುರಕ್ಕೆ ಬಸ್ಸು ತುಂಬಿಸಿ ಕಳಿಸುತ್ತಾನೆ, ಮುಂಬೈ ಪುಣೆಯ ರಾತ್ರಿ ಬಸ್ಸಿನ ಸೀಟು ಮಾಡಿಕೊಡುತ್ತಾನೆ. ಹಡಗಿನ ಟಿಕೆಟ್ಟು ಅವನು ಜೀವಮಾನದಲ್ಲಿ ಮಾಡಿದ್ದು ನನ್ನದೊಂದೇ. ಮುಂಬೈ ಬಸ್ಸಿನ ನನ್ನ ಸೀಟನ್ನೂ ಜೊತೆಗೇ ಮಾಡಿಕೊಟ್ಟಿದ್ದ. ಆವತ್ತೇ ಒಂದು ಮಾತು ಹೇಳಿದ್ದ. ಹಡಗಿನ ಕೋಣೆ ಇಬ್ಬರ ಲೆಕ್ಕದ್ದು, ಒಬ್ಬರೇ ಹೋದರೂ ಹೆಚ್ಚುಕಡಿಮೆ ಇಬ್ಬರ ಬಾಡಿಗೆ ಕಟ್ಟಬೇಕು ಎಂದು. ಒಬ್ಬರೇ ಇರುವವರಿಗೆ ದಂಡ ಹಾಕುವ ಪದ್ಧತಿ ಸಮುದ್ರದ ಮೇಲೂ ಇದೆಯೇ ಎಂದು ಮನಸ್ಸಿನಲ್ಲೇ ಬೈದುಕೊಂಡು ಕಟ್ಟಿದ್ದೆ.

ಈಗ ದರ ಇಳಿದದ್ದನ್ನು ತೋರಿಸಿ, ಹಳೆಯ ದರಕ್ಕೂ ಹೊಸ ದರಕ್ಕೂ ಇರುವ ಫರಕು ಕೊಡಿಸು ಎಂದು ಅವನ ಮುಂದೆ ಕೂತೆ. ಇಲ್ಲಿ ನನ್ನ ದಡ್ಡತನವನ್ನೂ ಹೇಳಬೇಕು. ಮೂಲದಲ್ಲಿ ನಮ್ಮದು ಹಿಪ್ಪರಗಿ ಕಡೆಯ ಕಬ್ಬು ಬೆಳೆಯುವ ಮನೆ. ಕಬ್ಬು ಫ್ಯಾಕ್ಟರಿಗೆ ಹೋಗುವಾಗ ಅದರ ದರ ನಿಗದಿಯಾಗಿರುವುದಿಲ್ಲ. ಮೊದಲನೆಯ ಕಂತು ಬರುತ್ತದೆ, ಆಮೇಲೆ ಎರಡನೆಯ ಕಂತಿಗಾಗಿ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಅಡ್ಡ ನಿಲ್ಲುತ್ತವೆ, ಜನ ಕೂಗಾಡುತ್ತಾರೆ, ಕೊನೆಗೆ ಎಷ್ಟೋ ಒಂದಿಷ್ಟು ಬರುತ್ತದೆ. ಚಿಕ್ಕಂದಿನಿಂದ ಅದನ್ನೇ ನೋಡಿ ಬೆಳೆದ ನನಗೆ, ವ್ಯವಹಾರ ಎಂದರೆ ಮೊದಲು ಕೊಟ್ಟದ್ದು ಬರೀ ಮುಂಗಡ, ಖರೆ ದರ ಕೊನೆಗೆ ಕೂತು ಮುಗಿಸುವಂಥದ್ದು ಎಂದೇ ತಲೆಯಲ್ಲಿ ಕೂತಿದೆ. ಗಣಿತದ ಶಿಕ್ಷಕಿಯಾಗಿಯೂ ಅದು ಹೋಗಲಿಲ್ಲ. ದರ ಏರಿದ್ದರೆ ನಾನು ಹೆಚ್ಚಿಗೆ ಕೊಡುತ್ತಿದ್ದೆನೇ ಎಂಬ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಎರಡನೆಯ ಕಂತು ಕೇಳುವ ರೈತನ ಹಾಗೆ ನ್ಯಾಯ, ಅನ್ಯಾಯ, ಬಡಬಗ್ಗರು ಎಂದೆಲ್ಲ ಹೇಳತೊಡಗಿದೆ.

“ಬಾಯಾರ, ಇದು ಹಡಗ ಐತ್ರಿ, ಕಬ್ಬಲ್ಲ” ಎಂದ ಅವನು. ನಮ್ಮ ಕಡೆ ಶಿಕ್ಷಕಿಯರನ್ನು ಬಾಯಾರ ಎಂದೇ ಕರೆಯುತ್ತಾರೆ.

ಆದರೂ ಕಂಪನಿಗೆ ಫೋನು ಹಚ್ಚಿದ. ಬಹಳ ಹೊತ್ತು ಸಂಗೀತ ಕೇಳಿಸಿದರು. ಆಮೇಲೆ ಒಬ್ಬಳು ಹಿಂದಿಯಲ್ಲಿ ಮಾತಾಡಿದಳು. ನಾನು ಫೋನು ಕಸಿದುಕೊಂಡು ಅರ್ಧ ಹಿಂದಿ ಅರ್ಧ ಮರಾಠಿಯಲ್ಲಿ ವಾದ ಮಾಡಿದೆ. ಅವಳ ತಾಳ್ಮೆ ದೊಡ್ಡದು. ಪೂರ್ತಿ ಹಣ ಕಟ್ಟಿದ ಮೇಲೆ ನಗದು ಮರಳಿ ಬರುವುದಿಲ್ಲ, ರದ್ದು ಮಾಡಿದರೆ ಬಹಳ ಕಡಿತವಾಗುತ್ತದೆ ಎಂದು ಮೊದಲು ಹೇಳಿದಳು. ನಾನು ಬಿಡಲಿಲ್ಲ. ಮತ್ತೆ ಸಂಗೀತ, ಮತ್ತೆ ಇನ್ನೊಬ್ಬರು. ಕೊನೆಗೆ ಒಂದು ದಾರಿ ತೆಗೆದರು. ನನ್ನ ಟಿಕೆಟ್ಟನ್ನು ಹೊಸ ದರಕ್ಕೆ ವರ್ಗಾಯಿಸುತ್ತಾರೆ. ಫರಕಿನಲ್ಲಿ ಕಿಟಕಿಯಿಲ್ಲದ ಕೋಣೆಯ ಬದಲು ಬಾಲ್ಕನಿ ಇರುವ ಕೋಣೆ ಸಿಗುತ್ತದೆ, ಉಳಿದದ್ದನ್ನು ಹಡಗಿನ ಒಳಗೆ ಖರ್ಚು ಮಾಡಲು ಬಿಡುತ್ತಾರೆ. ಒಂದೇ ಷರತ್ತು. ಹೊಸ ದರ ಇರುವುದೇ ಇಬ್ಬರಿಗೆ, ಎರಡನೆಯವರಿಗೆ ಪುಕ್ಕಟೆ. ಆದ್ದರಿಂದ ಎರಡನೆಯ ಹೆಸರೊಂದು ಬೇಕು. ಆಧಾರ್ ನಂಬರು, ಮೊಬೈಲ್ ನಂಬರು ಸಹಿತ.

ನಾನು ಕೈಚೀಲ ಮುಚ್ಚಿದ್ದನ್ನು ನೋಡಿ ಅವನಿಗೆ ಏನೋ ಅನ್ನಿಸಿರಬೇಕು. ಬರದಿದ್ದರೂ ನಡೆಯುತ್ತದೆ, ಯಾರದ್ದಾದರೂ ಹೆಸರು ಹಾಕಿ, ನಾಳೆ ಸಂಜೆಯ ತನಕ ಸಮಯ ಇದೆ ಎಂದ. ಮನೆಯಲ್ಲಿ ಯಾರಾದರೂ ಇರುತ್ತಾರಲ್ಲ ಎಂದೂ ಸೇರಿಸಿದ. ಅವನಿಗೆ ನನ್ನ ಮನೆ ಗೊತ್ತಿಲ್ಲ.

ಮನೆಗೆ ಬಂದು ಬೀಳಗಿಯ ತಂಗಿಗೆ ಫೋನು ಮಾಡಿದೆ. ಚಿಕ್ಕಮ್ಮನ ಮಗಳು, ನನಗೆ ಉಳಿದ ಒಬ್ಬಳೇ ತಂಗಿ. ಅವಳು ಹಡಗು ಎಂದೊಡನೆ ನಕ್ಕಳು. ಎಮ್ಮೆ ಈದಿದೆ, ಸೊಸೆ ಬಸುರಿ, ಮೊಣಕಾಲು ನೋವು, ತನಗೆ ಸಾಯಲೂ ಪುರಸೊತ್ತಿಲ್ಲ ಎಂದಳು. ನೀವು ಆರಾಮ ಇದ್ದೀರಿ ನೋಡಿ ಅಕ್ಕ, ಯಾರ ಹಂಗೂ ಇಲ್ಲ ಎಂದು ಹೊಟ್ಟೆಕಿಚ್ಚಿನಿಂದಲೇ ಹೇಳಿ ಫೋನು ಇಟ್ಟಳು. ಆ ಮಾತಿನಲ್ಲಿ ಏನೂ ತಪ್ಪಿಲ್ಲ. ನನಗೇ ಯಾಕೋ ಅಡುಗೆ ಮಾಡುವ ಮನಸ್ಸಾಗಲಿಲ್ಲ.

ಹೆಸರುಗಳನ್ನು ಒಂದೊಂದಾಗಿ ಯೋಚಿಸಿದೆ. ಓಣಿಯವರು, ಹಳೆಯ ಸ್ಟಾಫು, ಗುಡಿಯಲ್ಲಿ ಸಿಗುವವರು. ಮಾತಾಡಿಸುವವರು ಬಹಳ ಜನ ಇದ್ದಾರೆ. ಮೂರು ದಿನ ಒಂದೇ ಕೋಣೆಯಲ್ಲಿ ಇರು ಎಂದು ಕೇಳಬಹುದಾದವರು ಯಾರೂ ಇಲ್ಲ. ಅರವತ್ತು ದಾಟಿದವಳು ಒಂದು ಹೆಸರಿಗಾಗಿ ಇಷ್ಟು ತಡಕಾಡಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಅದು ಸುಳ್ಳು ತಡಕಾಟವೂ ಹೌದು. ಯಾರ ಹೆಸರು ಎಂಬುದು ನನಗೆ ಅಂಗಡಿಯಲ್ಲೇ ಗೊತ್ತಾಗಿತ್ತು.

ರಬಕವಿಯ ಗೆಳತಿ. ನಮ್ಮ ಶಾಲೆಯಲ್ಲೇ ಕನ್ನಡ ಕಲಿಸುತ್ತಿದ್ದಳು, ನನಗಿಂತ ಒಂದು ವರ್ಷ ಚಿಕ್ಕವಳು. ಎದುರಿಗೆ ಒಬ್ಬರಿಗೊಬ್ಬರು ‘ಬಾಯಾರ’ ಎಂದು ಬಹುವಚನದಲ್ಲೇ ಕರೆದುಕೊಳ್ಳುತ್ತಿದ್ದೆವು. ಮನಸ್ಸಿನಲ್ಲಿ ಮಾತ್ರ ನನಗೆ ಅವಳು ಎಂದೂ ಅವಳೇ. ರಬಕವಿಯಿಂದ ಮೊದಲ ಬಸ್ಸಿಗೆ ಬಂದು ಜಮಖಂಡಿಯಲ್ಲಿ ಇಳಿದು ನನ್ನ ಜೊತೆ ಮುಧೋಳದ ಬಸ್ಸು ಹತ್ತುತ್ತಿದ್ದಳು. ಯಾರು ಮೊದಲು ಹತ್ತಿದರೂ ಇಬ್ಬರ ಸೀಟು ಹಿಡಿಯಬೇಕು, ಅದು ನಮ್ಮ ಕಾಯಿದೆ. ಅವಳ ಗಂಡ ಸಣ್ಣ ವಯಸ್ಸಿನಲ್ಲೇ ತೀರಿಕೊಂಡಿದ್ದ. ಒಬ್ಬಳೇ ಮಗಳನ್ನು ತೇರದಾಳಕ್ಕೆ ಕೊಟ್ಟಿದ್ದಾಳೆ. ಸ್ಟಾಫಿನವರ ಮನೆಯ ಕಾರ್ಯಕ್ಕೆ ಹೋದಾಗ ಮುತ್ತೈದೆಯರನ್ನು ಸಾಲಾಗಿ ಕೂಡಿಸಿ ಉಡಿ ತುಂಬುವ ಹೊತ್ತಿಗೆ ನಾವಿಬ್ಬರೂ ಯಾರೂ ಹೇಳದೆಯೇ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆವು. ಅವಳು ವಿಧವೆ, ನಾನು ಮದುವೆಯಾಗದವಳು. ಅಲ್ಲಿ ಸೌತೆಕಾಯಿ ಹೆಚ್ಚುತ್ತ ಹೊರಗಿನವರನ್ನು ಆಡಿಕೊಂಡು ನಗುತ್ತಿದ್ದೆವು. ನನ್ನ ಆಯುಷ್ಯದಲ್ಲಿ ಹೆಚ್ಚು ನಕ್ಕದ್ದು ಪರರ ಅಡುಗೆಮನೆಗಳಲ್ಲಿಯೇ.

ಅವಳ ಜೊತೆ ಮಾತು ಬಿಟ್ಟು ಆಗಲೇ ಎರಡು ವರ್ಷವಾಗಿತ್ತು. ಬಿಟ್ಟವಳು ನಾನು. ನನ್ನ ನಿವೃತ್ತಿಯ ಸಮಾರಂಭದಲ್ಲಿ ಅವಳು ಮಾತಾಡಲು ನಿಂತಳು. ಬಾಯಾರು ತಮ್ಮ ತಾಯಿ ತೀರಿದ ಮೂರನೆಯ ದಿನವೇ ಶಾಲೆಗೆ ಬಂದರು, ಯಾಕೆ ಬಂದಿರಿ ಎಂದು ಬಸ್ಸಿನಲ್ಲಿ ಕೇಳಿದರೆ ಮನೆಯಲ್ಲಿ ಮಾತಾಡಲು ಯಾರೂ ಇಲ್ಲ ಎಂದು ತನ್ನ ಹೆಗಲಿಗೆ ಒರಗಿ ಅತ್ತರು, ಅಂಥವರು ನಮ್ಮ ಮಕ್ಕಳಿಗಾಗಿ ಇಷ್ಟು ವರ್ಷ ದುಡಿದರು ಎಂದು ಹೇಳಿ ತಾನೂ ಅತ್ತಳು. ಅದು ಪ್ರೀತಿಯ ಮಾತು ಎಂದು ಈಗ ಯಾರು ಬೇಕಾದರೂ ಹೇಳಬಹುದು. ಆದರೆ ಹಾರ ಹಾಕಿಕೊಂಡು ವೇದಿಕೆಯ ಮೇಲೆ ಕೂತ ನನಗೆ, ಇಡೀ ಶಾಲೆಯ ಮುಂದೆ ಸೆರಗು ಜಾರಿದಂತಾಯಿತು. ಹುಡುಗರು ನನ್ನನ್ನು ಅಯ್ಯೋ ಪಾಪ ಎನ್ನುವ ಕಣ್ಣಿನಿಂದ ನೋಡಿದರು. ಮೂವತ್ತು ವರ್ಷ ಅವರನ್ನು ಹೆದರಿಸಿ ಇಟ್ಟಿದ್ದೆ, ಐದು ನಿಮಿಷದಲ್ಲಿ ಎಲ್ಲ ಹೋಯಿತು. ಶಾಲು, ಹಣ್ಣಿನ ಬುಟ್ಟಿ ಎತ್ತಿಕೊಂಡು ಅವಳಿಗೆ ಹೇಳದೆ ಬೇರೆ ಬಸ್ಸಿಗೆ ಬಂದುಬಿಟ್ಟೆ. ಆಮೇಲೆ ಅವಳು ನಾಲ್ಕು ಸಲ ಫೋನು ಮಾಡಿದಳು. ನಾನು ಎತ್ತಲಿಲ್ಲ. ಐದನೆಯ ಸಲ ಮಾಡಿದ್ದರೆ ಎತ್ತುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ.

ಅವಳ ಆಧಾರ್ ಝೆರಾಕ್ಸು ನನ್ನ ಕಡತದಲ್ಲಿ ಇತ್ತು. ಚುನಾವಣೆಯ ಡ್ಯೂಟಿಗೆ ಇಬ್ಬರ ಕಾಗದಪತ್ರವನ್ನೂ ನಾನೇ ತುಂಬುತ್ತಿದ್ದೆ. ಮರುದಿನ ಬೆಳಿಗ್ಗೆ ಅದನ್ನು ಅಂಗಡಿಗೆ ಒಯ್ದು ಕೊಟ್ಟೆ. ಕೇಳಿದ್ದೀರಲ್ಲ ಅವರನ್ನು ಎಂದು ಅವನು ವಿಚಾರಿಸಿದ. ಹೂಂ ಎಂದೆ. ಮೊಬೈಲ್ ನಂಬರು ಬಾಯಿಪಾಠ ಹೇಳಿದೆ. ಎರಡನೆಯವರಿಗೂ ಸಂದೇಶ ಹೋಗುತ್ತದೆ ಎಂದು ಅವನು ಹೇಳಿದಾಗ ಹೋಗಲಿ ಎಂದೆ. ಇಲ್ಲಿ ಸುಳ್ಳು ಬರೆಯಬಾರದು. ನನಗೆ ಬೇಕಾಗಿದ್ದದ್ದು ಬಾಲ್ಕನಿಯೂ ಅಲ್ಲ, ಫರಕೂ ಅಲ್ಲ. ಅವಳು ಬರಬೇಕಿತ್ತು. ನಾನಾಗಿ ಕರೆಯಲು ಬಾಯಿ ಬರಲಿಲ್ಲ, ನನ್ನ ಪರವಾಗಿ ಕಂಪನಿಯೇ ಕರೆಯಲಿ ಎಂದುಕೊಂಡೆ.

ಐದನೆಯ ದಿನ ಬಂದಳು. ಮಧ್ಯಾಹ್ನ ಊಟದ ಹೊತ್ತು. ಬಾಗಿಲು ತೆರೆದರೆ ಅವಳು, ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕೈಯಲ್ಲಿ ಬಟ್ಟೆಯ ಚೀಲ. ಬನ್ನಿ ಎಂದೆ. ಎರಡು ವರ್ಷದ ವಿಷಯ ಯಾರೂ ಎತ್ತಲಿಲ್ಲ. ಮೊಬೈಲಿಗೆ ಸಂದೇಶ ಬಂದಾಗ ಮೋಸದ್ದು ಎಂದು ತಿಳಿದು ಅಳಿಸಲು ಹೋಗಿದ್ದಳಂತೆ. ತೇರದಾಳದ ಮಗಳು ಓದಿ, ಇದರಲ್ಲಿ ನಿಮ್ಮ ಬಾಯಾರ ಹೆಸರಿದೆ ಎಂದಳಂತೆ. ಹೇಳುತ್ತ ಹೇಳುತ್ತ ಚೀಲದಿಂದ ಒಂದು ಡಬ್ಬಿ ತೆಗೆದಳು. ಅದರಲ್ಲಿ ಬಿಳಿಯ ಕ್ಯಾನ್ವಾಸ್ ಬೂಟು. ಹಡಗಿನಲ್ಲಿ ಚಪ್ಪಲಿ ಜಾರಬಹುದೇನೋ ಎಂದು ಬನಹಟ್ಟಿಯಲ್ಲಿ ಕೊಂಡಿದ್ದಾಗಿ ಹೇಳಿದಳು. ಸೀರೆಯ ಕೆಳಗೆ ಅದನ್ನು ಹಾಕಿ ತೋರಿಸಿದಳು. ಅರವತ್ತು ದಾಟಿದ ಹೆಂಗಸು ಕ್ರೀಡಾಕೂಟಕ್ಕೆ ಹೊರಟ ಹುಡುಗಿಯ ಹಾಗೆ ನನ್ನ ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ನಡೆದಳು. ನಾನು ನಗಬೇಕಿತ್ತು. ನಗಲೂ ಹತ್ತಿದ್ದೆ.

ಆಗ ಅವಳು ಬೂಟು ಬಿಚ್ಚುತ್ತ, ತಲೆ ಎತ್ತದೆ ಕೇಳಿದಳು. “ಬಾಯಾರ, ನನ್ನ ಹೆಸರು ಯಾಕ ಹಾಕಿದ್ರಿ?”

ಬೇರೆ ಏನೂ ಬೇಕಾಗಿರಲಿಲ್ಲ. ನೀವು ಬರಲಿ ಎಂದು ಹಾಕಿದೆ ಎಂದರೆ ಸಾಕಿತ್ತು. ಆದರೆ ಅದನ್ನು ಹೇಳಿದರೆ ನನಗೆ ಯಾರೂ ಇಲ್ಲ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಅದನ್ನೇ ಅವಳು ಅಂದು ಮೈಕಿನಲ್ಲಿ ಹೇಳಿದ್ದಳು. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

“ಯಾರದರ ಒಬ್ಬರ ಹೆಸರು ಬೇಕಾಗಿತ್ರಿ” ಎಂದೆ. “ಇಲ್ಲಂದ್ರ ಫರಕಿನ ರೊಕ್ಕ ಮುಳಗತಿತ್ತು. ನಿಮ್ಮ ಝೆರಾಕ್ಸ್ ಕೈಯಾಗ ಸಿಕ್ಕಿತು, ಹಾಕೀನಿ. ನೀವು ಬರಬೇಕಂತ ಏನಿಲ್ಲ.”

ಅವಳು ಇನ್ನೊಂದು ಬೂಟಿನ ಲಾಡಿಯನ್ನೂ ಬಿಚ್ಚಿದಳು.

“ಹೌದೇನ್ರಿ” ಎಂದಳು. “ನಾ ಬ್ಯಾರೇನ ತಿಳಕೊಂಡಿದ್ದೆ.”

ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಗೊತ್ತಿರುವ ದಾರಿ ಅದು, ಜಗಳ ಆಡಿ ಸರಿಹೋಗುತ್ತಿದ್ದೆವು. ಕೊಟ್ಟ ಚಹಾ ಕುಡಿದಳು. ಬೂಟನ್ನು ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟಳು. ಮಗಳ ಮನೆಯಲ್ಲಿ ಮೊಮ್ಮಗನ ಮೊದಲ ಕೂದಲು ತೆಗೆಸುವ ಜವಳ ಇದೆ, ಹಾಗಾಗಿ ತನಗೂ ಬರುವುದು ಕಷ್ಟವಿತ್ತು ಎಂದಳು. ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು. ಬಸ್ಸಿಗೆ ತಡವಾಗುತ್ತದೆ ಎಂದು ಎದ್ದಳು. ಬಸ್‌ಸ್ಟ್ಯಾಂಡಿನವರೆಗೆ ಬರುತ್ತೇನೆ ಎಂದರೆ ಬಿಸಿಲಿದೆ, ಬೇಡ ಎಂದಳು. ನಾನು ಗೇಟಿನ ಹತ್ತಿರ ನಿಂತೆ. ಕೂಗಿ ಕರೆಯಬಹುದಾದಷ್ಟು ದೂರದಲ್ಲಿ ಅವಳು ಬಹಳ ಹೊತ್ತು ಇದ್ದಳು, ಓಣಿ ಉದ್ದವಾಗಿದೆ.

ಹೊರಡುವ ದಿನಕ್ಕೆ ಇನ್ನೂ ಎರಡು ವಾರ ಇತ್ತು. ದಿನಾ ಬೆಳಿಗ್ಗೆ ಇವತ್ತು ಫೋನು ಮಾಡುತ್ತೇನೆ ಎಂದುಕೊಂಡು ಏಳುತ್ತಿದ್ದೆ. ಬೆಳಿಗ್ಗೆ ಅವಳ ಪೂಜೆಯ ಹೊತ್ತು, ಮಧ್ಯಾಹ್ನ ಮಲಗಿರುತ್ತಾಳೆ, ಸಂಜೆ ಮಗಳು ಬಂದಿರುತ್ತಾಳೆ. ಹೀಗೆ ಎರಡು ವಾರ ಮುಗಿಯಿತು.

ಮುಂಬೈ ಬಸ್ಸು ಜಮಖಂಡಿಯಿಂದ ಸಂಜೆ ಹೊರಟು ರಬಕವಿ, ಬನಹಟ್ಟಿಯ ಮೇಲೆಯೇ ಹೋಗುತ್ತದೆ. ಅದು ಗೊತ್ತಿದ್ದೂ ಕಿಟಕಿಯ ಹತ್ತಿರ ಕೂತಿದ್ದೆ. ರಬಕವಿಗೆ ಅಂಟಿಕೊಂಡೇ ಇರುವ ಬನಹಟ್ಟಿಯಲ್ಲಿ ಸೀರೆಯ ಗಂಟುಗಳನ್ನು ಮೇಲೆ ಹೇರಲು ಬಸ್ಸು ಕಾಲು ತಾಸು ನಿಂತಿತು. ಮಗ್ಗಗಳ ಸದ್ದು ಕೇಳುತ್ತಿತ್ತು. ಹತ್ತಿದವರನ್ನೆಲ್ಲ ನೋಡಿದೆ. ಬಾಗಿಲು ಹಾಕಿದ ಮೇಲೂ ನೋಡಿದೆ.

ಮರುದಿನ ಬಂದರಿನ ಕೌಂಟರಿನಲ್ಲಿ ಎರಡನೆಯ ಪ್ರಯಾಣಿಕರು ಎಲ್ಲಿ ಎಂದು ಕೇಳಿದರು. ಬರಲಿಲ್ಲ ಎಂದೆ. ಅಲ್ಲಿನ ಹೆಂಗಸು ಪೆನ್ನು ತೆಗೆದು ಅವಳ ಹೆಸರಿನ ಮೇಲೆ ಒಂದು ಗೆರೆ ಎಳೆದಳು. ಕೋಣೆಯಲ್ಲಿ ಎಲ್ಲವೂ ಇಬ್ಬರ ಲೆಕ್ಕದಲ್ಲಿತ್ತು. ಎರಡು ಟವೆಲು, ಎರಡು ಜೊತೆ ಚಪ್ಪಲಿ, ಬಾಲ್ಕನಿಯಲ್ಲಿ ಎರಡು ಕುರ್ಚಿ. ಊಟದ ಹಾಲಿನಲ್ಲಿ ಬಡಿಸುವವನು ದಿನಾ ಎರಡನೆಯ ತಟ್ಟೆಯ ಮೇಲೆ ಕೈಯಿಟ್ಟು ನನ್ನ ಮುಖ ನೋಡುತ್ತಿದ್ದ, ನಾನು ತಲೆ ಅಲ್ಲಾಡಿಸಿದ ಮೇಲೆ ಎತ್ತಿಕೊಂಡು ಹೋಗುತ್ತಿದ್ದ. ಒಬ್ಬಳೇ ಇರುವುದು ನನಗೆ ಹೊಸದಲ್ಲ. ಆದರೆ ಮನೆಯಲ್ಲಿ ಒಬ್ಬಳೇ ಇದ್ದರೆ ಕಸ ಗುಡಿಸುವುದಿರುತ್ತದೆ, ನೀರು ಬಿಡುವವನ ಜೊತೆ ಜಗಳ ಇರುತ್ತದೆ. ಹಡಗಿನಲ್ಲಿ ಮಾಡಲು ಅದೊಂದೇ ಕೆಲಸ, ಒಬ್ಬಳೇ ಇರುವುದು. ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆ ಎಷ್ಟೇ ತುಂಬಿದರೂ ಆಚೆಯ ದಂಡೆ ಕಾಣುತ್ತದೆ. ಇಲ್ಲಿ ದಂಡೆಯೇ ಇರಲಿಲ್ಲ. ಮೊದಲ ದಿನ ಅದನ್ನು ನೋಡಿ ಪಕ್ಕಕ್ಕೆ ತಿರುಗಿ ಏನೋ ಹೇಳಲು ಬಾಯಿ ತೆರೆದೆ. ಆಮೇಲೆ ಬಾಲ್ಕನಿಗೆ ಹೆಚ್ಚು ಹೋಗಲಿಲ್ಲ. ಖರ್ಚು ಮಾಡಲು ಬಿಟ್ಟಿದ್ದ ಫರಕನ್ನೂ ಮುಟ್ಟಲಿಲ್ಲ. ಇಳಿದ ಮೇಲೆ ಅದು ಹೋಗುತ್ತದೆ, ಏನಾದರೂ ಕೊಂಡುಕೊಳ್ಳಿ ಎಂದು ಕೊನೆಯ ದಿನ ಅಂಗಡಿಯವಳು ಹೇಳಿದಳು. ಹೋಗಲಿ ಎಂದೆ.

ಊರಿಗೆ ಬಂದ ವಾರಕ್ಕೆ ಟಿಕೆಟ್ಟಿನ ಅಂಗಡಿಯವನು ಫೋನು ಮಾಡಿ ಬಂದುಹೋಗಿ ಎಂದ. ನಾನು ಹೊರಡುವ ಮೊದಲೇ ಅವನು ಕಾಶಿಯ ಬಸ್ಸಿನ ಜೊತೆ ಹೋಗಿದ್ದ, ಈಗ ಮರಳಿದ್ದ. ಹೋದೆ. ಗಂಗೆಯ ಗಿಂಡಿ ಒಂದು ಕೊಟ್ಟ. ಹಡಗು ಹೇಗಿತ್ತು ಎಂದು ಕೇಳಿದ. ಆಮೇಲೆ ಡ್ರಾಯರಿನಿಂದ ಒಂದು ಲಕೋಟೆ ತೆಗೆದು ನನ್ನ ಮುಂದೆ ಇಟ್ಟ. ಅದರಲ್ಲಿ ಕೆಲವು ನೋಟುಗಳಿದ್ದವು.

ರಬಕವಿಯ ಬಾಯಾರು ಅವತ್ತು ಮುಂಜಾನೆ ನಿಮ್ಮ ಮನೆಗೆ ಹೋಗುವ ಮೊದಲು, ಸಂದೇಶದಲ್ಲಿದ್ದ ಅಂಗಡಿಯ ಹೆಸರು ನೋಡಿ ಇಲ್ಲಿ ಬಂದಿದ್ದರು ಎಂದ. ಅದೇ ಮುಂಬೈ ಬಸ್ಸಿಗೆ ನನ್ನ ಬಾಜೂ ಸೀಟು ಮಾಡಿಸಿ, ರೊಕ್ಕ ಕಟ್ಟಿ ಹೋಗಿದ್ದರಂತೆ. ಮಧ್ಯಾಹ್ನ ಮತ್ತೆ ಬಂದು ರದ್ದು ಮಾಡಿಸಿದರಂತೆ. ಮರಳಿ ಬಂದ ಹಣವನ್ನು ಕೊಡಹೋದರೆ ತೆಗೆದುಕೊಳ್ಳಲಿಲ್ಲವಂತೆ.

“ಬಾಯಾರಿಗೆ ಏನೋ ಫರಕ ಬರೂದೈತಂತ, ಅವರಿಗೇ ಕೊಡ್ರಿ ಅಂದ್ರು. ನನಗ ತಿಳೀಲಿಲ್ರಿ” ಎಂದ ಅವನು.

ನನಗೆ ತಿಳಿಯಿತು. ಫರಕಿಗಾಗಿ ಹೆಸರು ಹಾಕಿದೆ ಎಂದಿದ್ದೆನಲ್ಲ, ಆ ಫರಕನ್ನೇ ಕಳಿಸಿದ್ದಳು. ಅವನು ಯಾವುದೋ ಗಿರಾಕಿಯ ಟಿಕೆಟ್ಟಿಗೆ ಚುಚ್ಚಲು ಟಾಚಣಿ ಹುಡುಕುತ್ತಿದ್ದ.

“ಅವರು ಬರಲಿ ಅಂತನ ಹಾಕಿದ್ದೆಪ್ಪ” ಎಂದೆ. ಬಾಯಿಬಿಟ್ಟು ಅದನ್ನು ಹೇಳಿದ್ದು ಅದೇ ಮೊದಲು.

ಅವನು ಹುಡುಕುವುದನ್ನು ಬಿಟ್ಟು ನನ್ನನ್ನು ನೋಡಿದ. “ನನಗ್ಯಾಕ ಹೇಳ್ತೀರಿ ಬಾಯಾರ” ಎಂದ.